ಹಿಂದೆ ಕಾರಿನ ಟೈರ್ ಇರುವ ಗೋಲ್ಡ್‌ವಿಂಗ್‌ನಲ್ಲಿ ರೈಡರ್ ಟ್ರೈನಿಂಗ್‌ಗೆ ಹೋಗಬಹುದಾ?

ಹಿಲ್‌ಕಂಟ್ರಿ ಹಾಸನ
ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗಿರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಹೋದ ತಿಂಗಳು ಬಹಳ ದಿನದ ಆಸೆಯೊಂದು ಈಡೇರಿತು. 2012ರ ಹೋಂಡಾ ಗೋಲ್ಡ್‌ವಿಂಗ್ ತಗೊಂಡೆ, ದೂರದ ಪ್ರಯಾಣದ ದೊಡ್ಡ ಬೈಕು. ಜಿಎಲ್ 1800, ಸೆಕೆಂಡ್ ಹ್ಯಾಂಡ್. ಮಾರಿದವರು ಎಪ್ಪತ್ತು ದಾಟಿದ ಅಜ್ಜ. ಗಾಡಿಯನ್ನು ಕನ್ನಡಿ ಥರ ಇಟ್ಟಿದ್ದರು. ಆ ಹೊಳಪು ನೋಡಿಯೇ ನಾನು ಬಿದ್ದದ್ದು.

ಮನೆಗೆ ತಂದು ತೊಳೆಯುತ್ತಾ ಕೂತಾಗ ಹಿಂದಿನ ಟೈರ್ ಕಣ್ಣಿಗೆ ಬಿತ್ತು. ಮಣೆ ಥರ ಚಪ್ಪಟೆ. ಬದಿಯಲ್ಲಿ 195/55 ಆರ್ 16 ಅಂತ ಇದೆ. ಬೈಕಿನ ಟೈರೇ ಅಲ್ಲ, ಕಾರಿನದು! ಅಜ್ಜನಿಗೆ ಫೋನ್ ಮಾಡಿದರೆ ನಕ್ಕುಬಿಟ್ಟರು. ಇಲ್ಲಿ ಇದಕ್ಕೆ 'ಡಾರ್ಕ್ ಸೈಡ್' ಅಂತ ಹೆಸರಂತೆ. ಗೋಲ್ಡ್‌ವಿಂಗ್ ಇಟ್ಟುಕೊಂಡವರಲ್ಲಿ ಇದೊಂದು ಪಂಗಡವೇ ಇದೆಯಂತೆ. ಬೈಕ್ ಟೈರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಬಾಳುತ್ತದೆ, ಬೆಲೆ ಕಡಿಮೆ, ಪಂಕ್ಚರ್ ಆದರೂ ಓಡುವ ರನ್‌ಫ್ಲಾಟ್ ಸಿಗುತ್ತದೆ ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರ ಬಿಟ್ಟು ಒಂದು ಟ್ರೈನಿಂಗ್‌ಗೆ ಹೆಸರು ಕೊಟ್ಟಿದ್ದೇನೆ. ಹೊಸಬರಿಗೆ ಶಾಲೆಯ ಸಣ್ಣ ಬೈಕ್ ಕೊಟ್ಟು ಕಲಿಸುವ ಕೋರ್ಸ್ ಅಲ್ಲ. ನಮ್ಮ ಗಾಡಿಯನ್ನೇ ತಗೊಂಡು ಹೋಗಿ ತಿರುವು, ಬ್ರೇಕ್, ಅಡ್ಡಿ ತಪ್ಪಿಸುವುದು ಕಲಿಯುವ ಒಂದು ದಿನದ ಕೋರ್ಸು. ಈ ಟೈರಿನಲ್ಲೇ ಹೋಗಲಾ? ಮೊದಲು ಬದಲಾಯಿಸಲಾ? ಟ್ರೆಡ್, ಅಂದರೆ ನೆಲಕ್ಕೆ ತಾಗುವ ಅಚ್ಚು, ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಸುಮ್ನೆ ಎಸೆಯಲು ಮನಸ್ಸು ಬರುತ್ತಿಲ್ಲ.

ಜಾವಾ ಮೊಮ್ಮಗ
ಮೊದಲು ಫೋಟೋ ಹಾಕಿ ಸ್ವಾಮಿ. ಮೈಸೂರಿನಲ್ಲಿ ಕೂತು ಗೋಲ್ಡ್‌ವಿಂಗ್ ಹೆಸರು ಕೇಳಿದರೇ ಹೊಟ್ಟೆ ಉರಿಯುತ್ತದೆ. ಇಲ್ಲಿ ಅದಕ್ಕೆ ನಲವತ್ತು ಲಕ್ಷದ ಆಸುಪಾಸು. ಅದಕ್ಕೆ ಕಾರಿನ ಟೈರ್ ಹಾಕಿದ್ದಾರೆ ಅಂದರೆ ರೇಷ್ಮೆ ಪಂಚೆಗೆ ಗೋಣಿಚೀಲದ ತೇಪೆ.

ಟೈರ್ ಮಾವ ಹುಬ್ಬಳ್ಳಿ
195/55 ಆರ್ 16 ಅಂದರೆ ನಮ್ಮಲ್ಲಿ ಬಲೆನೋ, ಐ20 ಮೇಲಿನ ಮಾಡೆಲ್‌ಗಳಿಗೆ ಬರುವ ಸೈಜು ನೋಡ್ರಿ. ದಿನಾ ನಾಲ್ಕು ಬಿಚ್ಚುತ್ತೇನೆ.

ಈ ಮಂದಿ ಹುಡುಕಿ ಹುಡುಕಿ ಅದನ್ನೇ ಯಾಕೆ ಹಾಕುತ್ತಾರೆ ಅಂತ ಲೆಕ್ಕ ಹಾಕಿ ನೋಡಿದೆ. ನಿಮ್ಮ ಗಾಡಿಯ ಮೂಲ ಹಿಂದಿನ ಟೈರ್ 180/60 ಆರ್ 16. ಅಗಲ 180 ಮಿಲಿಮೀಟರ್, ಅದರ ಶೇಕಡಾ 60 ಎತ್ತರ ಅಂದರೆ 108. ಮೇಲೆ ಕೆಳಗೆ ಎರಡು ಸಲ ಕೂಡಿಸಿ 16 ಇಂಚಿನ ರಿಮ್ ಸೇರಿಸಿದರೆ 622 ಮಿಲಿಮೀಟರ್. ಕಾರಿನದಕ್ಕೂ ಹಂಗೇ ಮಾಡಿದರೆ 621. ಒಂದೇ ಮಿಲಿಮೀಟರ್ ಫರಕು. ಹಿಂಗಾಗಿ ಗಾಡಿಯ ಎತ್ತರ ಕೆಡುವುದಿಲ್ಲ, ಬ್ರೇಕ್ ಹಿಡಿದಾಗ ಗಾಲಿ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್‌ಗೂ ಗೊಂದಲ ಆಗುವುದಿಲ್ಲ. ತಲೆ ಓಡಿಸಿದ್ದಾರೆ, ಇಲ್ಲ ಅನ್ನುವುದಿಲ್ಲ.

ಆದರೆ ಟೈರ್ ಅಂದರೆ ಬರೀ ಗಾಲಿಯ ಎತ್ತರ ಅಲ್ಲ. ರಿಮ್‌ನ ಅಂಚಿನಲ್ಲಿ ಕೂರುವ ಉಕ್ಕಿನ ತಂತಿಯ ಬಳೆ ಇರುತ್ತದಲ್ಲ, ಬೀಡ್, ಅದರ ಆಕಾರವೇ ಬೇರೆ. ಬೈಕಿನ ರಿಮ್ ಬೈಕಿನ ಬೀಡ್‌ಗೆ ಅಂತ ಕಡೆದಿರುತ್ತಾರೆ. ಕಾರಿನ ಬೀಡ್ ಅದರ ಮೇಲೆ ಕೂರಬೇಕು ಅಂದರೆ ಗಾಳಿ ಮಾಮೂಲಿಗಿಂತ ಜಾಸ್ತಿ ಹೊಡೆಯಬೇಕಾಗಿ ಬರುತ್ತದೆ. ಅಂಥಾ ಹೊತ್ತಿನಲ್ಲಿ ಬೀಡ್ ಹರಿದರೆ ಮುಂದೆ ಕೂತವನ ಕೈ ಹೋಗುತ್ತದೆ. ಟೈರ್ ಕಂಪನಿಯವರೆಲ್ಲ ಬೇಡ ಅನ್ನುವುದು ಸುಮ್ನೆ ಅಲ್ಲ.

ಒಂದು ಕೆಲಸ ಮಾಡ್ರಿ. ಟೈರಿನ ಬದಿಯಲ್ಲಿ ಡಾಟ್ ಅಂತ ಶುರುವಾಗುವ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಏನು ಅಂತ ಹೇಳ್ರಿ. ಒಳಗಿನ ಬದಿಗೂ ಬಗ್ಗಿ ನೋಡ್ರಿ, ಕೆಲವು ಸಲ ಒಂದೇ ಕಡೆ ಪೂರ್ತಿ ಇರುತ್ತದೆ.

ಎರಡು ಲಕ್ಷ ಮೈಲಿ
ಅರಿಝೋನಾದಿಂದ. ನಾನೂ ಡಾರ್ಕ್ ಸೈಡರ್. ಇದು ನನ್ನ ಗಾಡಿಯ ನಾಲ್ಕನೇ ಕಾರ್ ಟೈರು. ಇನ್ನು ಬೈಯಲು ಶುರು ಮಾಡಿ.

ಬೈಕಿನ ಟೈರ್ ನನಗೆ ಒಂಬತ್ತು ಸಾವಿರ ಮೈಲಿಗೆ ಮುಗಿಯುತ್ತಿತ್ತು. ಇದು ಇಪ್ಪತ್ತೈದು ಸಾವಿರ ದಾಟುತ್ತದೆ. ಇಲ್ಲಿ ರಸ್ತೆ ನೆಟ್ಟಗೆ, ಬಿಸಿಲು ಕೆಂಡ. ಬೈಕ್ ಟೈರ್ ನಡುವೆ ಮಾತ್ರ ಸವೆದು ಅದೂ ಚಪ್ಪಟೆಯೇ ಆಗುತ್ತದೆ. ಭಾರದ ಲೆಕ್ಕವನ್ನೂ ನೋಡಿ. ಬೈಕ್ ಟೈರಿನ ಮೇಲೆ 74 ಅಂತ ಇದ್ದರೆ 375 ಕೆಜಿ ಹೊರುತ್ತದೆ. ಕಾರಿನದರ ಮೇಲೆ 87, ಅಂದರೆ 545 ಕೆಜಿ. ನಾನೂರು ಕೆಜಿ ಮೀರಿದ ಗಾಡಿ, ಮೇಲೆ ನಾನು, ನನ್ನಾಕೆ, ಅವಳ ಮೂರು ಬ್ಯಾಗು. ಯಾವುದು ಸುರಕ್ಷಿತ ಹೇಳಿ? ಒಂದು ರಾತ್ರಿ ಮರುಭೂಮಿಯಲ್ಲಿ ಮೊಳೆ ಚುಚ್ಚಿದಾಗ ರನ್‌ಫ್ಲಾಟ್ ನನ್ನನ್ನು ಊರು ಮುಟ್ಟಿಸಿದೆ. ಆ ರಾತ್ರಿ ಈ ವೇದಿಕೆಯ ಬೈಗುಳ ಯಾವುದೂ ನೆನಪಾಗಲಿಲ್ಲ.

ಹೋಗಿ ಬನ್ನಿ ಟ್ರೈನಿಂಗ್‌ಗೆ. ಗಾಡಿ ಓಡಿಸುವವನು ಮುಖ್ಯ.

ಟೈರ್ ಮಾವ ಹುಬ್ಬಳ್ಳಿ
74ರ ಲೆಕ್ಕ ಹೇಳಿ 80 ಇರುವ ಬೈಕ್ ಟೈರನ್ನು ಬಿಟ್ಟಿರಿ. 180/60 ಆರ್ 16ರಲ್ಲೇ 80 ಸಿಗುತ್ತದೆ, 450 ಕೆಜಿ. ಗಾಡಿಯ ಪೂರ್ತಿ ಭಾರ ಹಿಂದಿನ ಗಾಲಿ ಒಂದೇ ಹೊರುವುದೂ ಇಲ್ಲ. ಮುಂದಿನದು ಸುಮ್ನೆ ಕೂತಿರುತ್ತದಾ?

ಎರಡು ಲಕ್ಷ ಮೈಲಿ
ಅದು ಒಪ್ಪಿದೆ.

ರಾಯಲ್ ರಾಗಿಮುದ್ದೆ
ನನ್ನ ಬುಲೆಟ್‌ಗೂ ಹಿಂದೆ ಕಾರ್ ಟೈರ್ ಹಾಕಿಸಿದ್ದೆ. ನೋಡೋಕೆ ಸಕತ್. ನೈಸ್ ರೋಡಿನಲ್ಲಿ ರಾಜ. ನಂದಿ ಬೆಟ್ಟ ಹತ್ತುವಾಗ ಎರಡನೇ ತಿರುವಿನಲ್ಲೇ ಎದುರುಗಡೆಯ ಲೇನ್ ತಲುಪಿದ್ದೆ. ಬಸ್ ಬರಲಿಲ್ಲ, ಬದುಕಿದ್ದೇನೆ. ವಾಪಸ್ ಬಂದು ಬಿಚ್ಚಿಸಿದೆ. ಅಷ್ಟೇ ನನ್ನ ಕಥೆ.

ಜಾವಾ ಮೊಮ್ಮಗ
ಆರ್‌ಟಿಒ ಹಿಡಿಯಲಿಲ್ವಾ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ರಾಯಲ್ ರಾಗಿಮುದ್ದೆ
ಹಿಡಿದಿದ್ದು ಟೈರಿಗಲ್ಲ, ಸೈಲೆನ್ಸರ್‌ಗೆ.

ಹಿಲ್‌ಕಂಟ್ರಿ ಹಾಸನ
ಇಲ್ಲಿ ನೋಡುವವರೇ ಇಲ್ಲ. ಟೆಕ್ಸಾಸಿನಲ್ಲಿ 2025ರ ಜನವರಿಯಿಂದ ಸ್ವಂತ ಗಾಡಿಗಳಿಗೆ ವರ್ಷಕ್ಕೊಮ್ಮೆ ಮಾಡುತ್ತಿದ್ದ ಸುರಕ್ಷತಾ ತಪಾಸಣೆಯನ್ನೇ ತೆಗೆದುಹಾಕಿದ್ದಾರೆ. ನಂಬರ್ ರಾತ್ರಿ ನೋಡಿ ಹೇಳುತ್ತೇನೆ ಮಾವ.

ತುಮಕೂರು ಮೇಷ್ಟ್ರು
ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ನಾನು. ಬೈಕ್ ಬಿಟ್ಟು ಇಪ್ಪತ್ತು ವರ್ಷ ಆಯಿತು. ಆದರೆ ಇದು ನನ್ನ ಅಂಗಳದ ಪ್ರಶ್ನೆ. ಅಡುಗೆ ಮನೆಗೆ ಹೋಗಿ ಎರಡು ವಸ್ತು ತನ್ನಿ.

ಮೊದಲನೆಯದು ಸ್ಟೀಲ್ ಲೋಟ, ಕೆಳಗೆ ಚಿಕ್ಕದು ಮೇಲೆ ದೊಡ್ಡದು ಇರುವಂಥದ್ದು. ನೆಲದ ಮೇಲೆ ಮಲಗಿಸಿ ಮೆಲ್ಲಗೆ ತಳ್ಳಿ. ನೆಟ್ಟಗೆ ಹೋಗುವುದಿಲ್ಲ, ತಾನೇ ಸುತ್ತು ಹೊಡೆಯುತ್ತದೆ. ದುಂಡು ಮೈಯ ಬೈಕ್ ಟೈರನ್ನು ವಾಲಿಸಿದಾಗ ನೆಲಕ್ಕೆ ತಾಗುವ ಭಾಗ ಇದೇ ಲೋಟದ ಆಕಾರ. ಒಂದು ಅಂಚಿನ ಸುತ್ತಳತೆ ಚಿಕ್ಕದು, ಇನ್ನೊಂದರದು ದೊಡ್ಡದು. ಅದಕ್ಕೇ ಗಾಡಿ ವಾಲಿದ ಕಡೆಗೆ ತಾನಾಗಿ ತಿರುಗುತ್ತದೆ.

ಎರಡನೆಯದು ಬೇಳೆ ಡಬ್ಬ. ಮಲಗಿಸಿ ತಳ್ಳಿದರೆ ನೆಟ್ಟಗೆ ಉರುಳುತ್ತದೆ. ಒಂದು ಅಂಚಿನ ಮೇಲೆ ಎತ್ತಿ ಹಿಡಿದು ಬಿಟ್ಟರೆ ದಡ್ ಅಂತ ಮತ್ತೆ ಚಪ್ಪಟೆ ಬೀಳುತ್ತದೆ. ಕಾರ್ ಟೈರ್ ಆ ಡಬ್ಬ. ಗಾಡಿ ವಾಲಿದಾಗ ನೆಲದ ಒತ್ತಡವೆಲ್ಲ ಟೈರಿನ ಒಂದು ಅಂಚಿಗೆ ಬರುತ್ತದೆ. ಅಂಚು ಗಾಲಿಯ ನಡುಗೆರೆಯಿಂದ ದೂರ ಇದೆ. ಹಾಗಾಗಿ ಆ ಒತ್ತಡ ಗಾಡಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ನೀವು ತಿರುವು ಮುಗಿಯುವವರೆಗೂ ಹ್ಯಾಂಡಲ್ ಒತ್ತಿ ಹಿಡಿದೇ ಇರಬೇಕು.

ಹಾಗಾದರೆ ಎರಡು ಲಕ್ಷ ಮೈಲಿಯವರು ತಿರುಗುವುದು ಹೇಗೆ? ಟೈರಿನ ಬದಿಗೋಡೆ ಬಾಗುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಬಾಗುವುದು ಜಾಸ್ತಿ.

ಎರಡು ಲಕ್ಷ ಮೈಲಿ
ಮೇಷ್ಟ್ರೇ, ಸರಿಯಾಗಿ ಹೇಳಿದಿರಿ. ಹೋಂಡಾ ಹಿಂದಿನ ಟೈರಿಗೆ 41 ಪಿಎಸ್ಐ ಗಾಳಿ ಅನ್ನುತ್ತದೆ. ನಾನು 30ರ ಸುತ್ತಮುತ್ತ ಇಡುತ್ತೇನೆ. 41 ಹೊಡೆದರೆ ನಿಜವಾಗಲೂ ಡಬ್ಬವೇ.

ಸ್ಪೈಡರ್ ಸುಮ
ನಾನು ಸಿಯಾಟಲ್‌ನಲ್ಲಿ ಕ್ಯಾನ್‌ಆಮ್ ಸ್ಪೈಡರ್ ಓಡಿಸುತ್ತೇನೆ. ಮೂರು ಗಾಲಿ, ಎರಡು ಮುಂದೆ ಒಂದು ಹಿಂದೆ. ನಮ್ಮ ಗುಂಪಿನಲ್ಲಿ ಎಷ್ಟೋ ಜನ ಕಾರಿನ ಟೈರ್ ಹಾಕಿಸುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಯಾಕೆಂದರೆ ನಮ್ಮದು ವಾಲುವುದೇ ಇಲ್ಲ. ಸೈಡ್‌ಕಾರ್ ಕಟ್ಟಿದ ಬೈಕಿಗೂ ಅಷ್ಟೇ. ಟ್ರೈನಿಂಗ್ ಕೂಡ ಮೂರು ಗಾಲಿಗೆ ಬೇರೆಯೇ ಇದೆ. ಅಲ್ಲಿ ವಾಲಿಸು ಅಂತ ಹೇಳುವುದಿಲ್ಲ, ಮೈಯನ್ನು ತಿರುವಿನ ಒಳಕ್ಕೆ ಹಾಕು ಅನ್ನುತ್ತಾರೆ. ಹಾಸನದವರ ತಾಪತ್ರಯ ಏನೆಂದರೆ ಗಾಡಿ ಎರಡು ಗಾಲಿಯದು, ಟೈರ್ ಮಾತ್ರ ನಮ್ಮ ಕಡೆಯದು.

ಕೋನ್ ಕೋಚ್
ಮೂರು ದಿನದಿಂದ ಓದುತ್ತಿದ್ದೆ. ನಾನು ವಾರದ ದಿನ ಸಾಫ್ಟ್‌ವೇರ್, ವಾರಾಂತ್ಯದಲ್ಲಿ ನಾರ್ತ್ ಕೆರೊಲಿನಾದಲ್ಲಿ ಎಂಎಸ್ಎಫ್ ಕೋರ್ಸ್ ಕಲಿಸುವ ರೈಡರ್‌ಕೋಚ್. ಎಂಎಸ್ಎಫ್ ಅಂದರೆ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಷನ್, 1973ರಿಂದ ಇದೆ.

ಬೆಳಿಗ್ಗೆ ಮೈದಾನಕ್ಕೆ ಬಂದ ಕೂಡಲೇ ಗಾಡಿ ಪರೀಕ್ಷೆ ಮಾಡುತ್ತೇವೆ. ಅದಕ್ಕೆ ಟಿ-ಕ್ಲಾಕ್ಸ್ ಅಂತ ಹೆಸರು. ಟೈರು, ಕಂಟ್ರೋಲು, ಲೈಟು, ಆಯಿಲು, ಚಾಸಿ, ಸ್ಟ್ಯಾಂಡು. ಮೊದಲ ಅಕ್ಷರವೇ ಟೈರಿನದು! ಅಲ್ಲಿ ಬಿಡಬೇಕೋ ಬೇಡವೋ ಅನ್ನುವುದು ಆ ಜಾಗ ನಡೆಸುವವರಿಗೆ, ಆ ದಿನದ ಕೋಚ್‌ಗೆ ಸೇರಿದ್ದು. ನಾನಿರುವ ಕಡೆ ಒಬ್ಬರು ಬಿಡುತ್ತಾರೆ, ಇನ್ನೊಬ್ಬರು ಬಿಡುವುದಿಲ್ಲ. ಆದ್ದರಿಂದ ಮೊದಲೇ ಫೋನ್ ಮಾಡಿ. ಬಚ್ಚಿಟ್ಟು ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ನಿಮ್ಮನ್ನು ವಾಪಸ್ ಕಳಿಸುವುದು ನಮಗೂ ಖುಷಿಯ ಕೆಲಸ ಅಲ್ಲ.

ಬಿಟ್ಟರು ಅಂತಲೇ ಇಟ್ಟುಕೊಳ್ಳಿ. ನನಗೆ ಬೀಳುತ್ತಾರೆ ಅನ್ನುವ ಚಿಂತೆ ಕಡಿಮೆ. ಚಿಂತೆ ಬೇರೆ. ಬಲಕ್ಕೆ ಹೋಗಬೇಕಾದರೆ ಹ್ಯಾಂಡಲ್‌ನ ಬಲಗೈ ಹಿಡಿಯನ್ನು ಮುಂದಕ್ಕೆ ಒತ್ತಬೇಕು, ಗಾಡಿ ಬಲಕ್ಕೆ ವಾಲುತ್ತದೆ. ಇದನ್ನು ನಾವು ದಿನವಿಡೀ ಮಾಡಿಸುತ್ತೇವೆ. ಎಷ್ಟು ಒತ್ತಿದರೆ ಎಷ್ಟು ವಾಲುತ್ತದೆ ಅನ್ನುವ ಲೆಕ್ಕ ತಲೆಗಲ್ಲ, ಕೈಗೆ ಹತ್ತಬೇಕು. ಕಾರ್ ಟೈರಿನ ಮೇಲೆ ಕಲಿತರೆ ಆ ಟೈರಿನ ಲೆಕ್ಕ ಕೈಗೆ ಹತ್ತುತ್ತದೆ. ಟೈರ್ ಬದಲಾದ ದಿನ ಕೈ ತಪ್ಪು ಲೆಕ್ಕ ಹೇಳುತ್ತದೆ. ಹತ್ತಾರು ಸಾವಿರ ಮೈಲಿ ಓಡಿಸಿದ ಡಾರ್ಕ್ ಸೈಡರ್‌ಗಳನ್ನು ಮೈದಾನದಲ್ಲಿ ನೋಡಿದ್ದೇನೆ. ಕೆಲವರು ನನಗಿಂತ ಚೆನ್ನಾಗಿ ಓಡಿಸುತ್ತಾರೆ. ಆದರೆ ಅವರು ದುಂಡು ಟೈರಿನಲ್ಲಿ ಕಲಿತು ಆಮೇಲೆ ಆ ಕಡೆ ಹೋದವರು. ಹಾಸನದವರೇ, ನೀವು ಇಂಥ ದೊಡ್ಡ ಗಾಡಿ ಓಡಿಸಿ ಎಷ್ಟು ದಿನ ಆಯಿತು?

ಹಿಲ್‌ಕಂಟ್ರಿ ಹಾಸನ
ಐದು ವಾರ. ಅದಕ್ಕೂ ಮೊದಲು ಊರಲ್ಲಿ ಸ್ಪ್ಲೆಂಡರ್.

ಕೋನ್ ಕೋಚ್
ಹಾಗಾದರೆ ನನ್ನ ಉತ್ತರ ನಿಮಗೆ ಗೊತ್ತಾಯಿತು.

ತುಮಕೂರು ಮೇಷ್ಟ್ರು
ಮೈದಾನದಲ್ಲಿ ನಿಧಾನ ತಾನೇ, ಏನಾಗುತ್ತದೆ ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಗಂಟೆಗೆ 15 ಮೈಲಿ ಅಂದರೆ ಸೆಕೆಂಡಿಗೆ 6.7 ಮೀಟರ್. ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಸುಮಾರು 25 ಡಿಗ್ರಿ ವಾಲಬೇಕು. ವೇಗ 20 ಮೈಲಿಗೆ ಏರಿದರೆ 39 ಡಿಗ್ರಿ! ಐದೇ ಐದು ಮೈಲಿ ಜಾಸ್ತಿ. ವೇಗದ ವರ್ಗ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು ಇದಕ್ಕೇ.

ಹಿಲ್‌ಕಂಟ್ರಿ ಹಾಸನ
ನಂಬರ್ ಸಿಕ್ಕಿತು ಮಾವ. ಒಳಗಿನ ಬದಿಯಲ್ಲೇ ಇತ್ತು. 2316.

ಟೈರ್ ಮಾವ ಹುಬ್ಬಳ್ಳಿ
2016ರ 23ನೇ ವಾರ. ಜೂನ್ ಹುಟ್ಟು. ಹತ್ತು ವರ್ಷದ ಹತ್ತಿರ ಬಂತು.

ಜಾಸ್ತಿ ಬಾಳುವ ಟೈರಿನ ತೊಂದರೆ ಇದೇ. ಟ್ರೆಡ್ ಮುಗಿಯುವ ಮೊದಲು ರಬ್ಬರ್ ಮುಗಿಯುತ್ತದೆ. ಅಜ್ಜ ವರ್ಷಕ್ಕೆ ಎರಡು ಮೂರು ಸಾವಿರ ಮೈಲಿ ಓಡಿಸಿರಬೇಕು. ಇನ್ನೂ ಅರ್ಧ ಇದೆ ಅಂತ ನೀವು ಅಂದುಕೊಂಡಿದ್ದೀರಿ. ಬದಿಗೋಡೆಯನ್ನು ಬೆರಳಲ್ಲಿ ಒತ್ತಿ ಬೆಳಕಿಗೆ ಹಿಡಿದು ನೋಡ್ರಿ. ಕೂದಲೆಳೆ ಬಿರುಕು ಕಾಣುತ್ತದೆ.

ಎರಡು ಲಕ್ಷ ಮೈಲಿ
ಎಸೆಯಿರಿ. ನನ್ನ ಕೈಗೆ ಪುಕ್ಕಟೆ ಕೊಟ್ಟರೂ ಹಾಕಿಕೊಳ್ಳುವುದಿಲ್ಲ. ಟೆಕ್ಸಾಸಿನ ಬಿಸಿಲಲ್ಲಿ ಹತ್ತು ವರ್ಷ ಬೆಂದ ರಬ್ಬರ್, ಅದು ಯಾವ ಪಂಗಡದ್ದಾದರೇನು.

ಹಿಲ್‌ಕಂಟ್ರಿ ಹಾಸನ
ಬಿರುಕು ಇದೆ. ಬೆಂಗಳೂರಿನ ಗೋಡೆಗೆ ಬಣ್ಣ ಹೊಡೆಸಿ ಎರಡು ಮಳೆಗಾಲ ಆದ ಮೇಲೆ ಬರುತ್ತದಲ್ಲ, ಹಾಗೆ. ಬೈಕ್ ಟೈರನ್ನೇ ಆರ್ಡರ್ ಮಾಡಿದೆ. ಆದರೆ ಬರುವುದು ಟ್ರೈನಿಂಗ್ ಆದ ನಾಲ್ಕು ದಿನಕ್ಕೆ. ಶಾಲೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬನ್ನಿ, ಗಾಡಿ ನೋಡಿ ತೀರ್ಮಾನ ಮಾಡುತ್ತೇವೆ ಅಂದರು.

ಹಿಲ್‌ಕಂಟ್ರಿ ಹಾಸನ
ಹೋಗಿ ಬಂದೆ. ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ಕೋಚ್ ಹೆಂಗಸು, ವಯಸ್ಸು ಅರವತ್ತರ ಮೇಲೆ. ಟೈರ್ ನೋಡಿ ನಕ್ಕರು. ಆಮೇಲೆ ಡಾಟ್ ನಂಬರಿಗೆ ಮಂಡಿಯೂರಿ ಕೂತರು. ಎದ್ದಾಗ ನಗು ಇರಲಿಲ್ಲ. ಟೈರಿನ ಜಾತಿಗಲ್ಲ, ವಯಸ್ಸಿಗೆ ಅವರ ತಕರಾರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಿಧಾನದ ಪಾಠಗಳನ್ನು ನನ್ನ ಗಾಡಿಯಲ್ಲಿ ಮಾಡುವುದು. ವೇಗ ಏರಿದ ಕೂಡಲೇ ಶಾಲೆಯ 250 ಸಿಸಿ ಬೈಕ್ ಹತ್ತುವುದು.

ನಿಧಾನದಲ್ಲಿ ಗಾಡಿ ಆಶ್ಚರ್ಯವಾಗುವಷ್ಟು ಚೆನ್ನಾಗಿತ್ತು. ನೆಟ್ಟಗೆ ಹೋಗಿ ನಿಲ್ಲುವುದು, ಕ್ಲಚ್ ಅರ್ಧ ಹಿಡಿದು ಆಮೆ ಥರ ಸಾಗುವುದು, ಎಲ್ಲ ಸಲೀಸು. ಹಿಂದೆ ಚಪ್ಪಟೆ ಪೀಠ ಇದ್ದ ಹಾಗೆ ಸ್ಥಿರ. ನನಗೆ ಸ್ವಲ್ಪ ಜಂಭವೂ ಬಂತು. ಎಂಟರ ಆಕಾರದಲ್ಲಿ ತಿರುಗಿಸುವ ಹೊತ್ತಿಗೆ ಜಂಭ ಇಳಿಯಿತು. ತಿರುವಿನ ಒಳಗೆ ಹೋಗಲು ಒಪ್ಪುವುದೇ ಇಲ್ಲ. ಒತ್ತಿದೆ, ಒತ್ತಿದೆ, ಒಮ್ಮೆ ಅಂಚು ಹತ್ತಿತು, ಆಗ ದಡಕ್ಕನೆ ವಾಲಿತು. ನಡುವೆ ಒಂದು ಮೆಟ್ಟಿಲು ಇದ್ದ ಹಾಗೆ. ಕೈ ಸಡಿಲ ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಮೇಷ್ಟ್ರ ಬೇಳೆ ಡಬ್ಬ ಕಣ್ಣ ಮುಂದೆ ಬಂತು. ಗುರುತಿಗೆ ಇಟ್ಟಿದ್ದ ಎರಡು ಕೋನ್ ಉರುಳಿಸಿದೆ. ಮೈದಾನದ ಒಂದು ಮೂಲೆ ನೀರು ಹರಿಯಲು ಇಳಿಜಾರಾಗಿದೆ. ಅಲ್ಲಂತೂ ಗಾಡಿ ತಾನೇ ಇಳಿಜಾರಿನ ಕಡೆ ಮುಖ ಮಾಡುತ್ತಿತ್ತು.

ಮಧ್ಯಾಹ್ನ 250 ಹತ್ತಿದೆ. ಗಂಟೆಗೆ ಹದಿನೈದು ಹದಿನೆಂಟು ಮೈಲಿಯಲ್ಲಿ ಬಂದು ಅಡ್ಡಿ ತಪ್ಪಿಸುವ ಪಾಠ. ಬಲಕ್ಕೆ ಒತ್ತು ಅಂದರು. ಇಷ್ಟು ವಾರದ ಅಭ್ಯಾಸದಲ್ಲಿ ಗೋಲ್ಡ್‌ವಿಂಗ್‌ಗೆ ಒತ್ತುವಷ್ಟೇ ಒತ್ತಿದೆ. ಆ ಬಡಪಾಯಿ ಬೈಕ್ ನೇರ ಪಕ್ಕದ ಸಾಲಿನ ಕೋನ್‌ಗಳಿಗೆ ನುಗ್ಗಿತು. ಬೀಳಲಿಲ್ಲ, ಪುಣ್ಯ. ಗಾಡಿಯ ಭಾರದ ವ್ಯತ್ಯಾಸವೂ ಇದೆ, ಗೊತ್ತು. ಆದರೆ ಕೋಚ್ ಓಡಿ ಬಂದು ನನ್ನ ಕೈ ಮುಟ್ಟಿ ನೋಡಿದರು. ಕಲ್ಲಿನ ಹಾಗೆ ಬಿಗಿ. ಬೆಳಿಗ್ಗೆಯಿಂದ ನಾನು ಹಿಡಿ ಸಡಿಲವೇ ಬಿಟ್ಟಿರಲಿಲ್ಲ. ರಾತ್ರಿ ಚಪಾತಿ ಮುರಿಯಲೂ ಬೆರಳು ನೋಯುತ್ತಿತ್ತು.

ಕೋನ್ ಕೋಚ್
ಕೈ ಮುಟ್ಟಿ ನೋಡಿದರಲ್ಲ, ಅವರು ಒಳ್ಳೆ ಕೋಚ್. ಕೋನ್ ಎಣಿಸುವುದು ಎಲ್ಲರಿಗೂ ಬರುತ್ತದೆ.

ರಾಯಲ್ ರಾಗಿಮುದ್ದೆ
ಆ 'ಮೆಟ್ಟಿಲು' ಅಂದಿರಲ್ಲ, ನಂದಿ ಬೆಟ್ಟದಲ್ಲಿ ನನಗೆ ಆಗಿದ್ದೂ ಅದೇ. ಇಷ್ಟು ವರ್ಷ ಅದಕ್ಕೆ ಹೆಸರು ಸಿಕ್ಕಿರಲಿಲ್ಲ.

ಎರಡು ಲಕ್ಷ ಮೈಲಿ
ಗಾಳಿ ಎಷ್ಟಿತ್ತು?

ಹಿಲ್‌ಕಂಟ್ರಿ ಹಾಸನ
41. ಹೋಂಡಾ ಪುಸ್ತಕ ನೋಡಿ ತುಂಬಿಸಿದ್ದೆ.

ಎರಡು ಲಕ್ಷ ಮೈಲಿ
ನಾನು ಇಲ್ಲಿ 30 ಅಂತ ಬರೆದದ್ದು ಯಾರಿಗೆ ಸ್ವಾಮಿ!

ಹಿಲ್‌ಕಂಟ್ರಿ ಹಾಸನ
ಹಳೇ ಟೈರಿಗೆ ಗಾಳಿ ಕಡಿಮೆ ಮಾಡಲು ಹೆದರಿಕೆ ಆಯಿತು.

ಹೊಸ ಟೈರ್ ನಿನ್ನೆ ಹಾಕಿಸಿದೆ. 180/60 ಆರ್ 16, ಮೇಲೆ 80 ಅಂತ ಇರುವುದೇ. ಮೊದಲು ಹೋದ ಅಂಗಡಿಯವರು ಕಾರ್ ಟೈರ್ ಬಿಚ್ಚುವುದಕ್ಕೂ ಒಪ್ಪಲಿಲ್ಲ, ರಿಮ್‌ಗೆ ಏಟಾದರೆ ನಮ್ಮ ತಲೆಗೆ ಬರುತ್ತದೆ ಅಂದರು. ಎರಡನೆಯವರು ಮುಕ್ಕಾಲು ಗಂಟೆ ಒದ್ದಾಡಿ ಬಿಚ್ಚಿದರು. ವಾಪಸ್ ಬರುವಾಗ ನಮ್ಮ ಬಡಾವಣೆಯ ಮೊದಲ ತಿರುವಿನಲ್ಲಿ ಎದೆ ಝಲ್ ಅಂದಿತು. ನಾನು ಒತ್ತುವ ಮೊದಲೇ ಗಾಡಿ ತಿರುಗಿತ್ತು! ನೂರು ಮೈಲಿ ಮೆಲ್ಲಗೆ ಓಡಿಸಿ ಟೈರಿನ ಹೊಸ ಹೊಳಪು ಹೋಗಲಿ ಅಂತ ಕಾಯುತ್ತಿದ್ದೇನೆ. ಮುಂದಿನ ತಿಂಗಳು ಅದೇ ಕೋರ್ಸಿಗೆ ಮತ್ತೆ ಹೆಸರು ಕೊಟ್ಟಿದ್ದೇನೆ, ಈ ಸಲ ಪೂರ್ತಿ ದಿನ ನನ್ನ ಗಾಡಿಯಲ್ಲೇ. ಅದಾದ ಮೇಲೆ ಟೆಕ್ಸಾಸಿನ ಗುಡ್ಡಗಾಡು ಹಿಲ್ ಕಂಟ್ರಿಯ ಟ್ವಿಸ್ಟೆಡ್ ಸಿಸ್ಟರ್ಸ್ ಕಡೆಗೆ ಹೊರಡುವುದು. 335, 336, 337 ಅಂತ ಮೂರು ರಸ್ತೆ, ಅಂಕುಡೊಂಕು ಅಂದರೆ ಅಂಕುಡೊಂಕು.

ಸ್ಪೈಡರ್ ಸುಮ
ಹಳೇ ಟೈರ್ ಏನು ಮಾಡಿದಿರಿ?

ಹಿಲ್‌ಕಂಟ್ರಿ ಹಾಸನ
ಅಂಗಡಿಯಲ್ಲೇ ಬಿಟ್ಟೆ. ಹೆಂಡತಿ ಅದರಲ್ಲಿ ಕರಿಬೇವು ನೆಡೋಣ ಅಂತಿದ್ದಳು.

ಟೈರ್ ಮಾವ ಹುಬ್ಬಳ್ಳಿ
ಅದಿರಲಿ. ಬಿಚ್ಚಿದ ಮೇಲೆ ರಿಮ್‌ನ ಒಳ ಅಂಚು ಹೆಂಗಿತ್ತು, ನೋಡಿದಿರಾ? ಬೀಡ್ ಕೂತಿದ್ದ ಜಾಗದಲ್ಲಿ ಗೀರು ಇದ್ದರೆ ಗಾಳಿ ಮೆಲ್ಲಗೆ ಸೋರುತ್ತದೆ.

ಹಿಲ್‌ಕಂಟ್ರಿ ಹಾಸನ
ಎಡಗಡೆ ಒಂದು ಸಣ್ಣ ಗೀರು ಇತ್ತು. ಉಜ್ಜಿ ಸರಿ ಮಾಡಿದ್ದೇವೆ ಅಂದರು. ನಿನ್ನೆ ಸಂಜೆ 41 ಇತ್ತು, ಇವತ್ತು ಬೆಳಿಗ್ಗೆ 40. ಚಳಿಗೆ ಇಳಿದಿದ್ದಾ, ಸೋರುತ್ತಿದೆಯಾ?

ಟೈರ್ ಮಾವ ಹುಬ್ಬಳ್ಳಿ
ಸೋಪಿನ ನೀರು ಹಚ್ಚಿ ನೋಡ್ರಿ. ಗುಳ್ಳೆ ಬಂದರೆ ಇಲ್ಲೇ ಬರೀರಿ.